ಸ್ಟೀಮ್ ಬಿಡುವ ಪಾಠ

ರಾಯದುರ್ಗದ ಒಂದು ಜೀನ್ಸ್ ಘಟಕದಲ್ಲಿ ಹೆಂಗಸರಿಗೆ ಇಂಗ್ಲಿಷ್ ಮಾತಾಡಲು ಕಲಿಸುತ್ತಿದ್ದೆ. ಆ ದಿನ ಸಿಟ್ಟಿನ ಪಾಠ. ‘ಲೆಟ್ ಆಫ್ ಸ್ಟೀಮ್’ ಅಂದರೆ ಒಳಗಿನ ಸಿಟ್ಟನ್ನೆಲ್ಲ ಹೊರಗೆ ಹಾಕಿ ಹಗುರಾಗುವುದು ಎಂದೆ.

ಇಸ್ತ್ರಿ ಮಾಡುವ ಈರಮ್ಮ ಒಪ್ಪಲಿಲ್ಲ. “ಸ್ಟೀಮ್ ಬಿಡೋದು ಸುಕ್ಕು ತೆಗಿಯಾಕ್ರಿ ಮೇಡಂ. ಸಿಟ್ಟಿಗೆ ಯಾಕ ಬಿಡ್ತಾರ?”

ಹಿಂದೆ ಕೂತಿದ್ದ ಲಕ್ಷ್ಮಿ ಅವಳ ತಂಗಿ, ಗುಂಡಿ ಹಾಕುವವಳು. ಎರಡು ತಿಂಗಳಿಂದ ಇಬ್ಬರಿಗೂ ಮಾತಿಲ್ಲ. ಹೇಳಬೇಕಾದದ್ದನ್ನೆಲ್ಲ ನನ್ನ ಕೈಲಿ ಹೇಳಿಸುತ್ತಿದ್ದರು.

“ಮೇಡಂ, ಆಕಿಗೆ ಹೇಳ್ರಿ,” ಎಂದಳು ಲಕ್ಷ್ಮಿ. “ಇಸ್ತ್ರಿ ಒಂದೇ ಕಡೆ ಇಟ್ರ ಬಟ್ಟೆ ಸುಡ್ತೈತಿ. ಎಲ್ಲಾರ ಮುಂದ ಬೈದ್ರ ಮನಸೂ ಸುಡ್ತೈತಿ.”

ನಾನು ಬಾಯಿ ತೆರೆಯುವಷ್ಟರಲ್ಲಿ ಈರಮ್ಮ ತಾನೇ ಹಿಂದಕ್ಕೆ ತಿರುಗಿದಳು. “ಅವತ್ತು ಅಷ್ಟು ಸುಟ್ಟೈತೇನೇ?”

“ಹೂಂ ಅಕ್ಕ. ಕಲೆ ಇನ್ನೂ ಐತಿ.”

“ಎಲ್ಲಿ, ತೋರ್ಸು,” ಎನ್ನುತ್ತ ಈರಮ್ಮ ಎದ್ದು ಹೋಗಿ ತಂಗಿಯ ತಲೆ ಸವರಿದಳು. ಲಕ್ಷ್ಮಿ ಅಳುತ್ತಲೇ ನಕ್ಕಳು.

ಕ್ಷಮೆ ಕೇಳುವ ಇಂಗ್ಲಿಷ್ ಮಾತುಗಳನ್ನು ಮರುದಿನಕ್ಕೆಂದು ಬರೆದಿಟ್ಟುಕೊಂಡಿದ್ದೆ. ಅವರಿಗೆ ಬೇಕಾಗಲಿಲ್ಲ. ಚೀಟಿಯನ್ನು ಬ್ಯಾಗಿನಲ್ಲೇ ಇಟ್ಟುಕೊಂಡೆ, ನಮ್ಮನೆಯಲ್ಲಿ ಬೇಕಾಗುತ್ತದೆ.