ಏರುರಸ್ತೆಯಲ್ಲಿ ಮಿಣುಕಿದ ಹಳದಿ ದೀಪ

ಜಿಟಿಜಿಟಿ ಮಳೆಯ ಬೆಳಿಗ್ಗೆ, ವಿದ್ಯಾರಣ್ಯಪುರಂನ ಏರುರಸ್ತೆಯೊಂದರಲ್ಲಿ, ನನ್ನ ಸ್ಟೀರಿಂಗ್ ಮುಂದೆ ಎಂದೂ ಕಾಣದ ಹಳದಿ ದೀಪವೊಂದು ಮಿಣುಕತೊಡಗಿತು. ಅದರಲ್ಲೊಂದು ಪುಟ್ಟ ಕಾರು, ಕಾರಿನಡಿ ಎರಡು ಸೊಟ್ಟ ಗೆರೆ. ಪಕ್ಕದಲ್ಲಿ ನಮ್ಮ ಮನೆ ಓನರ್ ಜಯಮ್ಮನವರು ಕೂತಿದ್ದರು. ಅವರಿಗೆ ಡಯಾಲಿಸಿಸ್ ಇತ್ತು. ಮಂಗಳವಾರ ನನಗೆ ರಜೆಯಾದ್ದರಿಂದ ಅಂದು ಆಸ್ಪತ್ರೆಗೆ ಕರೆದೊಯ್ಯುವವಳು ನಾನೇ.

ಕಾರು ಕೆಟ್ಟಿತೆಂದುಕೊಂಡೆ. ಅದೇ ಚಿತ್ರದ ಸ್ವಿಚ್ಚೊಂದು ಕಂಡಿತು, ಒತ್ತಿ ಹಿಡಿದೆ. ಮಿಣುಕುವುದು ನಿಂತು ದೀಪ ಒಂದೇ ಸಮ ಉರಿಯಿತು. ಸರಿಹೋಯಿತೆಂದು ಆಕ್ಸಿಲರೇಟರ್ ತುಳಿದೆ. ಚಕ್ರಗಳು ಗರಗರ ತಿರುಗಿದವು. ಕಾರಿನ ಮೂತಿ ಪಕ್ಕಕ್ಕೆ ಜಾರಿ ಫುಟ್‌ಪಾತಿನ ಕಲ್ಲಿಗೆ ಬಡಿಯಿತು.

“ಬುಡಮ್ಮ, ಏನೂ ಆಗ್ಲಿಲ್ವಲ್ಲ” ಎಂದರು ಜಯಮ್ಮ. ಆದರೆ ಬಾಗಿಲ ಹಿಡಿಯಿಂದ ಕೈ ತೆಗೆಯಲಿಲ್ಲ. ಮುಂದಿನ ಮಂಗಳವಾರ ಅವರು ನನ್ನನ್ನು ಕರೆಯದೆ ಆಟೋದಲ್ಲಿ ಹೋದರು.

ನನ್ನೂರು ವಿಜಯಪುರದಲ್ಲಿ ನಾನು ಓಡಿಸುತ್ತಿದ್ದುದು ತಮ್ಮನ ಹಳೇ ಜೀಪು. ಅದರ ದೀಪಗಳೆಲ್ಲ ಸತ್ತು ವರ್ಷಗಳಾಗಿದ್ದವು, ಎಂಜಿನ್ನಿನ ಸದ್ದೇ ನಮಗೆ ಸುದ್ದಿ. ಮಳೆ ಬಂದರೆ ಎರೆಮಣ್ಣಿನ ದಾರಿಗೆ ಯಾರೂ ಗಾಡಿ ಇಳಿಸುತ್ತಿರಲಿಲ್ಲ. ಕೆಲಸಕ್ಕೆಂದು ಬಂದ ಇಲ್ಲಿ ಮಳೆಯಲ್ಲೂ ಹೂಟಗಳ್ಳಿಯ ಕಾರ್ಖಾನೆಯ ಲ್ಯಾಬಿಗೆ ಸಮಯಕ್ಕೆ ಸರಿಯಾಗಿ ಮುಟ್ಟಬೇಕು. ಮುದ್ದೆ ನುಂಗುವುದನ್ನು, ಹಾಲು ಹಾಕುವವರಿಗೂ ‘ನೀವು’ ಎನ್ನುವುದನ್ನು ಕಲಿಸಿದವರು ಜಯಮ್ಮ. ಈ ಊರಿನಲ್ಲಿ ನನಗಿದ್ದ ಒಬ್ಬರೇ ಆಪ್ತರು ಈಗ ನನ್ನ ಕಾರಿಗೆ ಹೆದರುತ್ತಿದ್ದರು. ಕೆಲವು ದಿನ ಕಾರ್ಖಾನೆಗೂ ಬಸ್ಸಿನಲ್ಲೇ ಹೋದೆ.

ಕೊನೆಗೆ ಮೆಕ್ಯಾನಿಕ್ ಮಹದೇವಪ್ಪನವರಲ್ಲಿಗೆ ಹೋಗಿ ನಡೆದದ್ದನ್ನು ಹೇಳಿದೆ. ಅವರು ದೀಪಗಳನ್ನು ಒಂದೊಂದಾಗಿ ತೋರಿಸಿದರು. ಕೆಂಪು ಬಂದರೆ ಗಾಡಿ ಬದಿಗೆ ನಿಲ್ಲಿಸಬೇಕು, ಹಳದಿಯಾದರೆ ತಡಮಾಡದೆ ತೋರಿಸಬೇಕು. ಸೊಟ್ಟ ಗೆರೆಯ ದೀಪದ ಮೇಲೆ ಬೆರಳಿಟ್ಟು ಹೇಳಿದರು: “ಇದು ಮಿಣುಕ್ತಾ ಇದ್ರೆ ಕೆಟ್ಟಿಲ್ಲ ಕಣಮ್ಮ, ಕೆಲ್ಸ ಮಾಡ್ತಾ ಅದೆ. ಚಕ್ರ ಜಾರ್ದಂಗೆ ಹಿಡ್ಕೊಂಡದೆ. ನೀವು ಅದನ್ನೇ ಆಫ್ ಮಾಡ್ಬುಟ್ರಿ.”

ಕಾಪಾಡುತ್ತಿದ್ದುದನ್ನೇ ಕೈಯಾರೆ ಆರಿಸಿದ್ದೆ. ಮನೆಗೆ ಬಂದವಳು ನಾಚಿಕೆಯನ್ನು ನುಂಗಿ ಜಯಮ್ಮನವರಿಗೆ ಎಲ್ಲವನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು.

“ಮತ್ತೆ ಮಿಣುಕಿದ್ರೆ?”

“ಸ್ವಿಚ್ ಮುಟ್ಟೋದಿಲ್ರೀ. ಕಾಲು ಹಗುರ ಮಾಡ್ತೀನಿ.”

ಮಂಗಳವಾರ ಅವರು ಗೇಟಿನ ಬಳಿ ನಿಂತಿದ್ದರು. ಅಂದೂ ಮಳೆ. ಅದೇ ಏರಿನಲ್ಲಿ ದೀಪ ಮಿಣುಕಿತು. ಸ್ವಿಚ್ ಮುಟ್ಟದೆ ಕಾಲು ಸಡಿಲಿಸಿದೆ. ಕಾರು ಒಮ್ಮೆ ತಡವರಿಸಿ, ಮೆಲ್ಲಗೆ ಏರನ್ನು ಹತ್ತಿತು. ಮೇಲೆ ಮುಟ್ಟಿದಾಗ ನೋಡಿದೆ, ಜಯಮ್ಮನವರ ಎರಡೂ ಕೈ ಮಡಿಲಲ್ಲಿದ್ದವು.

ಆಸ್ಪತ್ರೆಯಲ್ಲಿ ಅವರಿಗಾಗಿ ಕಾಯುತ್ತಿದ್ದಾಗ ತಮ್ಮ ಫೋನ್ ಮಾಡಿದ. ಊರಿನ ಲ್ಯಾಬೊಂದರಲ್ಲಿ ಕೆಲಸ ಖಾಲಿಯಿದೆ, ಬಂದುಬಿಡು ಎಂದ. ಬಂದ ಹೊಸತರಲ್ಲಿ ಈ ಒಂದು ಮಾತಿಗಾಗಿ ಅತ್ತಿದ್ದೆ.

“ಯೋಚ್ನೆ ಮಾಡಿ ಹೇಳ್ತೀನಿ ಕಣೋ” ಎಂದೆ.

ಆ ‘ಕಣೋ’ ಕೇಳಿ ಅವನು, “ಅಲ್ಲಿಯವ್ರಂಗ ಮಾತಾಡಾಕತ್ತಿಯಲ್ಲ” ಎಂದ. ನಾನು ಗಾಬರಿಯಿಂದ, “ವಿಚಾರ ಮಾಡಿ ಹೇಳ್ತೀನಪಾ” ಎಂದು ತಿದ್ದಿಕೊಂಡೆ. ಅದೂ ಯಾಕೋ ಬೇರೆ ಯಾರದೋ ಮಾತಿನಂತೆ ಕೇಳಿಸಿತು.