ಗ್ರಾಮಫೋನ್ ಅಂಗಡಿಯ ನಾಲ್ಕು ಕ್ಯಾಬಿನ್

ಸಾಂತಾಕ್ರೂಜ್ ಸ್ಟೇಷನ್ನಿನ ಹತ್ತಿರ ಮುಚ್ಚಿಹೋಗಿದ್ದ ಗ್ರಾಮಫೋನ್ ಅಂಗಡಿಯನ್ನು ಹೋಟೆಲ್ ಮಾಡುವ ಕೆಲಸ ನಮ್ಮ ಆಫೀಸಿಗೆ ಬಂದದ್ದು ಎಂಬತ್ತರ ದಶಕದ ನಡುವೆ. ನಕ್ಷೆ ಬರೆಯುವವಳು ನಾನು. ದುಂಡಗೆ ತಿರುಗಿದ ಮೂಲೆ, ಉದ್ದನೆಯ ಗಾಜು, ಒಂದು ಹೂಬಳ್ಳಿಯ ಕೆತ್ತನೆಯೂ ಇಲ್ಲದ ಬೋಳು ಗೋಡೆ. ಸ್ವಾತಂತ್ರ್ಯ ಬರುವ ಮೊದಲೇ ಇಷ್ಟು ಹೊಸ ರೀತಿಯಲ್ಲಿ ಕಟ್ಟಿದ್ದರಲ್ಲ ಎಂದು ನನಗೆ ಹೊಟ್ಟೆಕಿಚ್ಚೇ ಆಯಿತು. ಒಳಗೆ ತೇಗದ ಚೌಕಟ್ಟಿನ ನಾಲ್ಕು ಗಾಜಿನ ಕ್ಯಾಬಿನ್‌ಗಳಿದ್ದವು. ಗಿರಾಕಿಗಳು ಅವುಗಳೊಳಗೆ ಕೂತು ರೆಕಾರ್ಡ್ ಕೇಳಿ ನೋಡಿ ಕೊಳ್ಳುತ್ತಿದ್ದರಂತೆ.

ಹೋಟೆಲಿನ ಯಜಮಾನರು ಉಡುಪಿ ಕಡೆಯವರು. "ಇದನ್ನೆಲ್ಲ ಒಡೆದುಹಾಕಿ ಮೇಡಂ, ಎಂಟು ಟೇಬಲ್ ಹಿಡೀತದೆ" ಎಂದರು. ನನಗೆ ಮೈಯೆಲ್ಲ ಉರಿಯಿತು.

"ಫ್ಯಾಮಿಲಿ ರೂಮು ಅಂತ ಪ್ಲೈವುಡ್ ಹೊಡೆಸ್ತೀರಲ್ಲ ಯಜಮಾನ್ರೇ, ಇಲ್ಲಿ ತೇಗದ್ದೇ ಪುಕ್ಕಟೆ ನಿಂತಿದೆ!" ಎಂದು ಮೂರು ವಾರ ಅವರ ತಲೆ ತಿಂದೆ.

ಕೊನೆಗೆ ಒಪ್ಪಿದರು. "ಆದ್ರೆ ಮೊದಲ ದಿನ ಅಲ್ಲಿ ಕೂತವರಲ್ಲಿ ಒಬ್ಬರು ಬೇಜಾರು ಮಾಡಿಕೊಂಡ್ರೂ ಮರುದಿನವೇ ಸುತ್ತಿಗೆ. ಆಯ್ತಾ?"

ಆಯ್ತು ಎಂದೆ. ಉಡುಪಿ ಹೋಟೆಲಿನಲ್ಲಿ ಎಲ್ಲ ನಡೆಯುವುದು ಕೂಗಿನಿಂದ. ಗಿರಾಕಿ ಸಾಂಬಾರಿಗೆ ಸಪ್ಲೈಯರನನ್ನು ಕೂಗಬೇಕು, ಅವನು "ಎರಡು ಮಸಾಲೆ!" ಎಂದು ಅಡುಗೆಮನೆಗೆ ಕೂಗಬೇಕು. ಆ ಕ್ಯಾಬಿನ್‌ಗಳನ್ನು ಕಟ್ಟಿದ್ದೇ ಸದ್ದು ದಾಟದಿರಲಿ ಎಂದು. ಪೆದ್ದಿ, ನನಗೆ ಅದು ಹೊಳೆಯಲೇ ಇಲ್ಲ.

ಹೋಟೆಲು ತೆರೆದ ಬೆಳಿಗ್ಗೆ ಒಂದು ಹೊಸ ಜೋಡಿ ಮೊದಲ ಕ್ಯಾಬಿನ್ನಿಗೆ ಹೋಗಿ ಕೂತಿತು. ಹೊರಗೆ ಜನವೋ ಜನ. ಇಡ್ಲಿ ಕೊಟ್ಟು ಬಾಗಿಲೆಳೆದುಕೊಂಡು ಬಂದ ಸಪ್ಲೈಯರ್ ಅವರನ್ನು ಮರೆತೇಬಿಟ್ಟ. ಅರ್ಧ ಗಂಟೆಯ ಮೇಲೆ ನೋಡುತ್ತೇನೆ, ಗಾಜಿನಾಚೆ ತಟ್ಟೆ ಖಾಲಿ, ಲೋಟ ಖಾಲಿ, ಇಬ್ಬರೂ ಬಾಯಿ ಆಡಿಸುತ್ತಲೇ ಇದ್ದಾರೆ. ಒಂದಕ್ಷರ ಕೇಳಿಸದು.

ಯಜಮಾನರೂ ನೋಡಿದರು. "ಎಂತ ಮಾರಾಯ್ರೇ ಇದು! ಪಾಪ, ಎಷ್ಟು ಹೊತ್ತಿನಿಂದ ಕರೀತಿದ್ದಾರೋ!" ಎನ್ನುತ್ತ ಧಾವಿಸಿದರು. ಮುಗಿಯಿತು ನನ್ನ ಕಥೆ ಎಂದುಕೊಂಡು ಹಿಂದೆಯೇ ಓಡಿದೆ.

ಅವರು ಬಾಗಿಲು ತೆರೆದು ಕ್ಷಮೆ ಕೇಳುವಷ್ಟರಲ್ಲಿ ಹುಡುಗ ಎದ್ದು ನಿಂತ. "ನಹೀ ಸೇಠ್, ನಾವು ಕರೀಲೇ ಇಲ್ಲ. ನಾವಿರೋ ಚಾಲ್ ವಠಾರದಲ್ಲಿ ಮನೆ ಅಂದ್ರೆ ಒಂದೇ ರೂಮು, ಒಂಬತ್ತು ಜನ. ಮದುವೆಯಾಗಿ ನಾಲ್ಕು ತಿಂಗಳಾಯ್ತು, ಪಿಸುಪಿಸು ಬಿಟ್ಟು ಮಾತೇ ಇಲ್ಲ. ಇವಳ ದನಿ ಹೀಗಿದೆ ಅಂತ ನಂಗೆ ಇವತ್ತೇ ಗೊತ್ತಾಗಿದ್ದು."

ಹುಡುಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ನನಗೆ ಕಣ್ಣಲ್ಲಿ ನೀರೇ ಬಂತು.

"ಒಡೆಯುವುದು ಬೇಡ ಮೇಡಂ, ಇರ್ಲಿ" ಎಂದರು ಯಜಮಾನರು. ಮೆಲ್ಲಗೆ ಬಾಗಿಲು ಹಾಕಿದರು. ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಇನ್ನೊಮ್ಮೆ ಒತ್ತಿ ನೋಡಿದರು.