ತೆರೆಸಿದ ಕಣ್ಣು

ನಾನು ಅರಸೀಕೆರೆಯಲ್ಲಿ ಫೋಟೋ ಸ್ಟುಡಿಯೋ ತೆರೆದದ್ದು ತೊಂಬತ್ತರ ದಶಕದ ಮೊದಲಲ್ಲಿ. ಹೊಟ್ಟೆಪಾಡಿಗೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಒಳಗೊಳಗೆ ಮಾತ್ರ ನಾನೊಬ್ಬ ಕಲಾವಿದ ಎಂಬ ಜಂಬ ಬೆಟ್ಟದಷ್ಟಿತ್ತು. ಬಿಡುವು ಸಿಕ್ಕಾಗಲೆಲ್ಲ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬೇಲೂರು, ಹಳೇಬೀಡಿನ ಬಸ್ಸು ಹತ್ತುತ್ತಿದ್ದೆ. ಅಲ್ಲಿನ ಕಲ್ಲಿನ ಹೆಂಗಸರನ್ನು ಎಳೆಬಿಸಿಲಲ್ಲೊಮ್ಮೆ, ಇಳಿಬಿಸಿಲಲ್ಲೊಮ್ಮೆ ತೆಗೆದು ಸ್ಪರ್ಧೆಗಳಿಗೆ ಕಳಿಸುತ್ತಿದ್ದೆ. ಎಲ್ಲವೂ ಹೋದ ದಾರಿಯಲ್ಲೇ ವಾಪಸ್ಸು ಬರುತ್ತಿದ್ದವು. ಒಮ್ಮೆ ತೀರ್ಪುಗಾರರೊಬ್ಬರು ಎದುರಿಗೇ ಹೇಳಿದರು: “ಚೆನ್ನಾಗಿದೆ ಕಣ್ರೀ. ಆದ್ರೆ ಚೆಂದ ಇರೋದೆಲ್ಲ ಶಿಲ್ಪಿದು. ಇದ್ರಲ್ಲಿ ನಿಮ್ದೇನಿದೆ?” ಅವರನ್ನು ಮನಸ್ಸಿನಲ್ಲೇ ವಾಚಾಮಗೋಚರ ಬೈಯುತ್ತ ಬಸ್ಸು ಹತ್ತಿದೆ. ಅರಸೀಕೆರೆ ಬರುವಷ್ಟರಲ್ಲಿ ಅವರು ಅಂದದ್ದೇ ಸರಿ ಅನ್ನಿಸಿತ್ತು.

ಸ್ಟುಡಿಯೋ ನಡೆಯುತ್ತಿದ್ದದ್ದು ಮದುವೆಗಳಿಂದ, ಪಾಸ್‌ಪೋರ್ಟ್ ಸೈಜಿನ ಫೋಟೋಗಳಿಂದ ಮತ್ತು ಹೆಣಗಳಿಂದ. ಆಗ ಸುತ್ತಲ ಹಳ್ಳಿಗಳಲ್ಲಿ ಎಷ್ಟೋ ಜನ ಬದುಕಿದ್ದಾಗ ಒಂದು ಫೋಟೋವನ್ನೂ ತೆಗೆಸಿಕೊಂಡಿರುತ್ತಿರಲಿಲ್ಲ. ಸತ್ತ ಮೇಲೆ, ಹೆಣ ಎತ್ತುವ ಮುಂಚೆ, ಯಾರಾದರೂ ಬಂದು ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗುವರು. ಹೆಣವನ್ನು ಕುರ್ಚಿಯಲ್ಲಿ ಕೂರಿಸಿ ಹಾರ ಹಾಕಿರುತ್ತಿದ್ದರು. ಹಿಂದಿನಿಂದ ಒಬ್ಬರು ತಲೆ ಹಿಡಿದುಕೊಳ್ಳುವರು. ನಾನು ಪ್ರಿಂಟ್ ಹಾಕಿ, ಹಿಡಿದ ಕೈಯನ್ನು ಮಸಿಯಲ್ಲಿ ಮುಚ್ಚಿ, ಮುಚ್ಚಿದ ರೆಪ್ಪೆಗಳ ಮೇಲೆ ಸಣ್ಣ ಕುಂಚದಿಂದ ಕಣ್ಣು ಬರೆದು ಕೊಡಬೇಕು. ಕಣ್ಣು ತೆರೆಸುವುದು ಅನ್ನುತ್ತಿದ್ದೆವು ಅದಕ್ಕೆ. ತಿಥಿಯ ಹೊತ್ತಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವರು. ನನ್ನ ಕೈಗೆ ಬರುತ್ತಿದ್ದದ್ದು ಗಂಡಸರಿಗೊಂದು ಬಗೆಯ ಕಣ್ಣು, ಹೆಂಗಸರಿಗೊಂದು ಬಗೆ, ಅಷ್ಟೆ. ಹೆಂಗಸರದ್ದನ್ನು ಕ್ಯಾಲೆಂಡರಿನ ಸಿನಿಮಾ ನಟಿಯೊಬ್ಬಳನ್ನು ನೋಡಿ ಕಲಿತಿದ್ದೆ. ಹಲ್ಲಿಲ್ಲದ ಅಜ್ಜಿಯರೂ ಗೋಡೆಯ ಮೇಲೆ ಆ ನಟಿಯ ಕಣ್ಣಲ್ಲೇ ನೋಡುತ್ತಿದ್ದರು. ಯಾರೂ ತಕರಾರು ಮಾಡಿರಲಿಲ್ಲ.

ಜಾವಗಲ್ ಕಡೆಯ ಒಂದು ಹಳ್ಳಿಯಲ್ಲಿ ಹತ್ತು ಹನ್ನೆರಡರ ಹುಡುಗಿ ಜ್ವರದಲ್ಲಿ ತೀರಿಕೊಂಡಳು. ಹೋಗಿ ಫೋಟೋ ತೆಗೆದು ಬಂದೆ, ಎಂದಿನ ಕಣ್ಣು ಬರೆದಿಟ್ಟೆ. ಸಂತೆಯ ದಿನ ತಾಯಿ ಬಂದರು. ತೆಂಗಿನಕಾಯಿ ಮಾರಿ ಬಂದ ಖಾಲಿ ಚೀಲವನ್ನು ಬಾಗಿಲಲ್ಲಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋಟೋ ಹಿಡಿದರು.

“ಇವು ನನ್ ಮಗಳ ಕಣ್ಣಲ್ಲ ಕಣಪ್ಪ,” ಎಂದರು.

ಸಿಟ್ಟು ಮಾಡಲಿಲ್ಲ, ಅಳಲೂ ಇಲ್ಲ. ಬೇರೆಯವರ ಸಾಮಾನು ತಮ್ಮ ಚೀಲಕ್ಕೆ ಬಂದಿದ್ದರೆ ವಾಪಸ್ಸು ಕೊಡುವ ಹಾಗೆ ಫೋಟೋವನ್ನು ನನ್ನ ಕೈಗಿಟ್ಟರು. “ಮತ್ತೆ ಹೇಗಿದ್ದವಮ್ಮ?” ಎಂದು ಕೇಳಿದೆ. “ಹೆಂಗಿದ್ವೋ ಹಂಗಿದ್ವು. ಬರೆಯೋನು ನೀನು,” ಎಂದರು. ಶಾಲೆಯ ಗುಂಪು ಫೋಟೋ ಏನಾದರೂ ಇದೆಯೇ ಎಂದೆ. “ಐತೆ. ಅದ್ರಲ್ಲಿ ತಲೆ ಬಗ್ಗಿಸ್ಕಂಡವ್ಳೆ,” ಎಂದು ಚೀಲ ಎತ್ತಿಕೊಂಡು ಬಸ್ಸಿಗೆ ಹೋದರು.

ಮುಂದಿನ ಸಂತೆಗೆ ಕಣ್ಣು ಸ್ವಲ್ಪ ದೊಡ್ಡದು ಮಾಡಿ ಬರೆದೆ. ಅಲ್ಲ ಎಂದರು. ಅದರ ಮುಂದಿನ ಸಂತೆಗೆ ಸಣ್ಣದು ಮಾಡಿದೆ. ಅದೂ ಅಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ನಾನು ಕುಂಚವನ್ನು ಬೈದೆ, ಮಸಿಯನ್ನು ಬೈದೆ, ಫೋಟೋ ಕಾಗದದವನನ್ನೂ ಬೈದೆ. ಆಮೇಲೆ ಬೈಯಲು ಯಾರೂ ಉಳಿಯಲಿಲ್ಲ. ನನಗೇನೂ ಬರುವುದಿಲ್ಲ, ಎಂದೂ ಬಂದಿರಲಿಲ್ಲ ಅನ್ನುವುದೊಂದೇ ಉಳಿಯಿತು. ಹಳೇಬೀಡಿಗೆ ಹೋಗುವುದು ನಿಂತಿತು. ಮಾಲೇಕಲ್ಲು ದೇವಸ್ಥಾನದಲ್ಲಿ ಮದುವೆಯಾದ ಹೊಸ ಜೋಡಿಗೆ “ಸ್ವಲ್ಪ ನಗಿ” ಅನ್ನಲೂ ಬೇಸರ. ಡಾರ್ಕ್ ರೂಮಿನ ಕೆಂಪು ದೀಪ ಹಾಕಿಕೊಂಡು ಕೆಲಸವಿಲ್ಲದೆ ಒಳಗೆ ಕೂತಿರುತ್ತಿದ್ದೆ. ಹೆಂಡತಿ ನೋಡಿ ನೋಡಿ ಒಂದು ದಿನ ಅಂದಳು: “ಬಿಟ್ಬಿಡಿ ಅತ್ಲಾಗೆ. ನಿಮ್ಗೆ ಬರೋದು ಅದೊಂದೇ ಕಣ್ಣು. ಪಾಪ, ಆಯಮ್ಮನ್ನ ಯಾಕೆ ಅಲೆದಾಡಿಸ್ತೀರಾ.” ಅವಳು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಎರಡು ದಿನ ಅವಳ ಜೊತೆ ಮಾತು ಬಿಟ್ಟೆ.

ಬಿಡಬೇಕೆಂದೇ ಇದ್ದೆ. ಆದರೆ ಸಂತೆ ತಪ್ಪುತ್ತಿರಲಿಲ್ಲ, ಆಯಮ್ಮನೂ ತಪ್ಪಿಸುತ್ತಿರಲಿಲ್ಲ. ಸ್ಫೂರ್ತಿ ಬರಲಿ ಎಂದು ಕಾಯುವುದಕ್ಕೆ ಅವರು ಪುರುಸೊತ್ತನ್ನೇ ಕೊಡಲಿಲ್ಲ. ಬಾಗಿಲಲ್ಲಿ ಚೀಲ ಇಡುವ ಸದ್ದು ಕೇಳಿದರೆ ನಾನು ಎದ್ದು ಹೊರಗೆ ಬರಲೇಬೇಕಾಗುತ್ತಿತ್ತು.

ಒಂದು ಸಂತೆಗೆ ತೋರಿಸಲು ಏನೂ ಇರಲಿಲ್ಲ. ಬರಿಗೈಯಲ್ಲಿ ಕೂತಿದ್ದವನು, ಮಾತಾಡಲು ಬೇರೇನೂ ಸಿಗದೆ, “ಕರೆದ್ರೆ ಹೇಗೆ ನೋಡೋಳಮ್ಮ ಅವಳು?” ಎಂದೆ. ತಾಯಿ ಗಲ್ಲವನ್ನು ಎದೆಗೆ ತಂದು, ಮುಖವನ್ನು ಒಂದು ಕಡೆಗೆ ತಿರುಗಿಸಿ, ಕೆಳಗಿನಿಂದ ಓರೆಯಾಗಿ ನನ್ನನ್ನು ನೋಡಿದರು. “ಇಂಗೆ ನೋಡೋಳು,” ಎಂದರು. ಐವತ್ತರ ಹತ್ತಿರದ ಹೆಂಗಸಿನ ಮುಖದಲ್ಲಿ ಒಂದು ಕ್ಷಣ ಹುಡುಗಿಯೊಬ್ಬಳು ಬಂದು ಹೋದಳು. ಏನನ್ನೋ ಮುಚ್ಚಿಟ್ಟುಕೊಳ್ಳುವ ನೋಟ ಅದು. ಗುಂಪು ಫೋಟೋದಲ್ಲಿ ತಲೆ ಯಾಕೆ ಬಗ್ಗಿತ್ತು ಎಂಬುದು ಹೊಳೆಯಿತು.

“ಕಣ್ಣು ಸ್ವಲ್ಪ ಮೆಳ್ಳೆ ಇತ್ತೇನಮ್ಮ?” ಎಂದೆ.

ಆಯಮ್ಮನ ಮುಖ ಕಪ್ಪಿಟ್ಟಿತು. “ಊರೋರೆಲ್ಲ ಮೆಳ್ಳೆಗಣ್ಣಿ ಅಂತ ಅವ್ಳನ್ನ ಆಡ್ಕಂಡಿದ್ದು ಸಾಲ್ದಾ? ನೀನೂ ಅನ್ನು,” ಎಂದು ಎದ್ದುಹೋದರು.

ಆ ವಾರವಿಡೀ ಬೇರೆ ಕೆಲಸ ಮುಟ್ಟಲಿಲ್ಲ. ಗಲ್ಲ ಬಾಗಿದ ಹಾಗೆ ಕಾಣಲೆಂದು ಕಾಗದವನ್ನು ಓರೆ ಇಟ್ಟು ಪ್ರಿಂಟ್ ಹಾಕಿದೆ. ಎಡಗಣ್ಣಿನ ಪಾಪೆಯನ್ನು ಕೂದಲೆಳೆಯಷ್ಟು ಮೂಗಿನ ಕಡೆಗೆ ಎಳೆದೆ. ಊನ ಮುಚ್ಚುವುದೇ ನಮ್ಮ ಕಸುಬು. ಊನ ಬರೆಯಲು ಹೋದರೆ ಕೈ ತಾನಾಗಿ ಹಿಂದೆ ಸರಿಯುತ್ತಿತ್ತು. ಎಷ್ಟೋ ಪ್ರಿಂಟು ಹರಿದೆ. ತಾಯಿ ಮತ್ತೆ ಬರುತ್ತಾರೋ ಇಲ್ಲವೋ ಎಂಬುದೂ ಗೊತ್ತಿರಲಿಲ್ಲ. ಸರಿಯಾಗಿದೆ ಅನ್ನುವ ಧೈರ್ಯ ಕೊನೆಯವರೆಗೂ ಬರಲಿಲ್ಲ. ಆದರೂ ಬರೆದೆ.

ಅವರು ಬಂದರು. ಫೋಟೋ ನೋಡಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. “ಎಲ್ಲೋಗಿದ್ಯೇ ಇಷ್ಟ್ ದಿನ?” ಎಂದು ಫೋಟೋವನ್ನು ಕೇಳಿದರು. ಆಮೇಲೆ ಅತ್ತರು. ಮಗಳು ಸತ್ತ ದಿನ ನಾನು ಹೋದಾಗಲೂ ಹಾಗೆ ಅತ್ತಿರಲಿಲ್ಲ. ಅವರ ಎದುರಿಗೆ ನಿಂತು ನನಗೆ ಆದದ್ದು ಸಂತೋಷ. ನಾಚಿಕೆಯಾಗುವಷ್ಟು ಸಂತೋಷ. ಅಂದು ಹೆಂಡತಿಗೆ ಮೈಸೂರುಪಾಕು ಕಟ್ಟಿಸಿಕೊಂಡು ಹೋದೆ. ಅಲ್ಲಿಂದಾಚೆ ಕಣ್ಣು ತೆರೆಸಲು ಬಂದ ಪ್ರತಿ ಮನೆಯವರನ್ನೂ ಸತ್ತವರು ಹೇಗೆ ನೋಡುತ್ತಿದ್ದರು ಎಂದು ಕೇಳಿ ಕೇಳಿ ಬರೆದೆ. ಹಾರನಹಳ್ಳಿಯ ಒಬ್ಬ ಮುದುಕನಿಗೆ ಒಂದು ಕಣ್ಣಿನ ಪೊರೆಯನ್ನೂ ಬರೆದುಕೊಟ್ಟೆ. ಅವನ ಮಗ ನನ್ನ ಕೈ ಹಿಡಿದುಕೊಂಡ. ನನಗೆ ಬರುತ್ತದೆ ಅನ್ನಿಸತೊಡಗಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಆಯಮ್ಮ ಮತ್ತೆ ಬಂದರು. ಸೊರಗಿದ್ದರು. ಕಟ್ಟು ಹಾಕಿಸಿದ ಫೋಟೋವನ್ನು ಹಳೆಯ ಸೀರೆಯಲ್ಲಿ ಸುತ್ತಿ ಎದೆಗವಚಿಕೊಂಡಿದ್ದರು. ಮೇಜಿನ ಮೇಲಿಟ್ಟರು, ಸೀರೆ ಬಿಚ್ಚಲಿಲ್ಲ.

“ಚೆನ್ನಾಗಿಲ್ವೇನಮ್ಮ?” ಎಂದೆ.

“ಚೆನ್ನಾಗೈತೆ. ಅವ್ಳೇ. ಅದಕ್ಕೇ ಆಗ್ತಿಲ್ಲ ಕಣಪ್ಪ. ಒಲೆ ಹತ್ರ ಕೂತ್ರೂ ನೋಡ್ತಾಳೆ, ಮುದ್ದೆ ಮುರಿಯಕ್ಕೋದ್ರೂ ನೋಡ್ತಾಳೆ. ಅವ್ಳಪ್ಪ ಮನೆಯೊಳಗೆ ಉಣ್ಣಾದೇ ಬಿಟ್ಟವ್ನೆ. ನಿನ್ ಕೈ ಮುಗೀತೀನಿ, ಕಣ್ಣು ಮುಚ್ಸಿಬಿಡು.”

ಬೇಡವೆನ್ನಲು ನಾನು ಯಾರು? ನೆಗೆಟಿವ್ ಹುಡುಕಿ ತೆಗೆದೆ. ಇದ್ದದ್ದು ಇದ್ದ ಹಾಗೆ ಒಂದು ಪ್ರಿಂಟ್ ಹಾಕಿ ಒಣಗಿಸಿದೆ. ಕುಂಚ ಮುಟ್ಟುವ ಅಗತ್ಯವೇ ಇರಲಿಲ್ಲ. ಯಾವ ಕೈಗೂಸೂ ಮಾಡಬಹುದಾದ ಕೆಲಸ. ಒಂದು ಕೈ ಹಿಂದಿನಿಂದ ಹುಡುಗಿಯ ತಲೆ ಹಿಡಿದಿತ್ತು. ಅದನ್ನಾದರೂ ಮಸಿಯಲ್ಲಿ ಮುಚ್ಚಿಕೊಡಲೇ ಎಂದು ಕೇಳಿದೆ.

“ಬ್ಯಾಡ, ಇರ್ಲಿ,” ಎಂದರು ತಾಯಿ. “ಅದು ನನ್ ಕೈ.”